ಹಳೆಯ ಮತ್ತು ಪ್ರಾದೇಶಿಕ ಇಂಗ್ಲಿಷ್ ಕಾಗುಣಿತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರುಗಳನ್ನೇ ಕನ್ನಡದಲ್ಲಿ ಬರೆದು ಕಾಗುಣಿತವನ್ನು ಬಿಡಿಸಿ ತೋರಿಸಲಾಗಿದೆ. ಉದಾಹರಣೆಗೆ, ‘ಜಿ-ಎ-ಓ-ಎಲ್’ ಎಂದಿದ್ದರೆ ಆ ನಾಲ್ಕು ಅಕ್ಷರಗಳಿಂದಾದ ಪದವೆಂದು ಓದಿಕೊಳ್ಳಬೇಕು.

ಶಾಲೆಯಲ್ಲಿ ಕಲಿತ ರೂಪಕ್ಕಿಂತ ಬೇರೆಯಾದ ಕಾಗುಣಿತ ಕಂಡರೆ ಅದನ್ನು ತಪ್ಪೆಂದು ತಿಳಿಯಬೇಕೇ?

ಅಷ್ಟು ಬೇಗ ತೀರ್ಮಾನಕ್ಕೆ ಬರುವುದು ಬೇಡ. ಪರಿಚಯವಿಲ್ಲದ ಕಾಗುಣಿತ ಹಳೆಯ ಕಾಲದ್ದಾಗಿರಬಹುದು, ಬೇರೊಂದು ದೇಶದ್ದಾಗಿರಬಹುದು ಅಥವಾ ನಿಜಕ್ಕೂ ತಪ್ಪೇ ಆಗಿರಬಹುದು. ಬರಹ ಎಲ್ಲಿಯದು, ಯಾವ ಕಾಲದ್ದು ಎಂದು ನೋಡದೆ ಈ ಮೂರರಲ್ಲಿ ಯಾವುದೆಂದು ಹೇಳಲಾಗದು. ದೊಡ್ಡ ನಿಘಂಟುಗಳು ಇದಕ್ಕಾಗಿಯೇ ಪದದ ಮುಂದೆ ಸಣ್ಣ ಸೂಚನೆಗಳನ್ನು ಕೊಡುತ್ತವೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ‘ಆಬ್ಸಲೀಟ್’ ಎಂಬ ಸೂಚನೆಯಿದ್ದರೆ 1755ರ ನಂತರ ಆ ರೂಪ ಶಿಷ್ಟ ಬಳಕೆಯಲ್ಲಿದ್ದುದಕ್ಕೆ ಆಧಾರ ಸಿಕ್ಕಿಲ್ಲವೆಂದು ಅರ್ಥ. ‘ಆರ್ಕೇಯಿಕ್’ ಎಂದಿದ್ದರೆ, ಹಿಂದೆ ಸಾಮಾನ್ಯವಾಗಿದ್ದ ಆ ರೂಪ ಇಂದು ಎಲ್ಲೋ ಅಪರೂಪಕ್ಕೆ ಅಥವಾ ವಿಶೇಷ ಸಂದರ್ಭಗಳಲ್ಲಿ ಮಾತ್ರ ಕಾಣಸಿಗುತ್ತದೆ ಎಂದು ತಿಳಿಯಬೇಕು. ‘ಬ್ರಿಟಿಷ್’, ‘ಸ್ಕಾಟಿಷ್’, ‘ಐರಿಶ್’ ಮುಂತಾದವು ಪ್ರದೇಶವನ್ನು ಹೇಳುವ ಸೂಚನೆಗಳು. ಅರ್ಥವನ್ನಷ್ಟೇ ಓದಿ ಈ ಸಣ್ಣಕ್ಷರಗಳನ್ನು ಹಾರಿಸಿಬಿಡುವುದೇ ನಮ್ಮಲ್ಲಿ ರೂಢಿ. ಕಾಗುಣಿತದ ಬಹುಪಾಲು ಗೊಂದಲಗಳಿಗೆ ಉತ್ತರವಿರುವುದು ಅಲ್ಲಿಯೇ.

1755 ಎಂಬ ವರ್ಷವೇ ಏಕೆ?

ಸ್ಯಾಮ್ಯುಯೆಲ್ ಜಾನ್ಸನ್ನನ ಇಂಗ್ಲಿಷ್ ನಿಘಂಟು ಲಂಡನ್ನಿನಲ್ಲಿ ಪ್ರಕಟವಾದದ್ದು ಆ ವರ್ಷದ ಏಪ್ರಿಲ್‌ನಲ್ಲಿ. ಫ್ರೆಂಚ್ ಭಾಷೆಗೆ 1635ರಿಂದಲೇ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೆ ಅಂಥದ್ದೊಂದು ಬೇಕೆಂದು ಜೋನಥನ್ ಸ್ವಿಫ್ಟ್ 1712ರಲ್ಲಿ ವಾದಿಸಿದನಾದರೂ ಅದು ಕೈಗೂಡಲಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಕಾಗುಣಿತವನ್ನು ಕಾನೂನಿನಂತೆ ವಿಧಿಸುವ ಸಂಸ್ಥೆ ಇಂದಿಗೂ ಇಲ್ಲ. ನಿಘಂಟುಕಾರರು, ಮುದ್ರಕರು, ಪತ್ರಿಕೆಗಳು, ಸರ್ಕಾರಿ ಕಚೇರಿಗಳು ತಂತಮ್ಮ ನಿಯಮಗಳನ್ನು ಮಾಡಿಕೊಂಡವು. ಅವುಗಳಲ್ಲಿ ಹೆಚ್ಚು ಜನ ಒಪ್ಪಿದ್ದು ಉಳಿಯಿತು. ಆದರೆ ಜಾನ್ಸನ್ನನ ರೂಪಗಳೆಲ್ಲವೂ ಉಳಿಯಲಿಲ್ಲ. ‘ಮ್ಯೂಸಿಕ್’, ‘ಪಬ್ಲಿಕ್’ ಪದಗಳ ಕೊನೆಯಲ್ಲಿ ಅವನು ಸಿ ಅಕ್ಷರದ ಜೊತೆಗೆ ಕೆ ಅಕ್ಷರವನ್ನೂ ಇಟ್ಟಿದ್ದ. ‘ಎರರ್’, ‘ಹಾರರ್’ ಪದಗಳನ್ನು ‘ಓ-ಯು-ಆರ್’ ಎಂದು ಮುಗಿಸಿದ್ದ. ಈ ರೂಪಗಳನ್ನು ಇಂಗ್ಲೆಂಡಿನವರೇ ಮುಂದೆ ಬಿಟ್ಟುಬಿಟ್ಟರು.

ಅದಕ್ಕೂ ಮೊದಲು ಇಂಗ್ಲಿಷಿಗೆ ನಿಶ್ಚಿತ ಕಾಗುಣಿತ ಇರಲಿಲ್ಲವೇ?

ಇಂದಿನ ಅರ್ಥದಲ್ಲಿ ಇರಲಿಲ್ಲ. ವಿಲಿಯಂ ಶೇಕ್ಸ್‌ಪಿಯರನ ಕೈಬರಹವೆಂದು ಸಾಮಾನ್ಯವಾಗಿ ಒಪ್ಪಿರುವ ಆರು ಸಹಿಗಳು ಉಳಿದಿವೆ. ಅವು ಒಂದೇ ರೀತಿಯಲ್ಲಿಲ್ಲ, ಮತ್ತು ನಾವಿಂದು ಅವನ ಹೆಸರನ್ನು ಬರೆಯುವ ರೂಪ ಅವುಗಳಲ್ಲಿ ಒಂದರಲ್ಲೂ ಇಲ್ಲ.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದಾಗ ಊರೂರಿಗೂ ಬೇರೆ ಬೇರೆ ಬರವಣಿಗೆಯ ರೂಢಿಗಳಿದ್ದವು. ಮೊಟ್ಟೆ ಎಂಬುದಕ್ಕೇ ಇಂಗ್ಲೆಂಡಿನ ಒಂದು ಭಾಗದಲ್ಲಿ ‘ಎಗ್ಸ್’, ಇನ್ನೊಂದು ಭಾಗದಲ್ಲಿ ‘ಐರೆನ್’ ಎನ್ನುತ್ತಿರುವಾಗ ತಾನು ಯಾವುದನ್ನು ಅಚ್ಚು ಮಾಡಲಿ ಎಂದು ಅವನು ಒಂದು ಮುನ್ನುಡಿಯಲ್ಲಿ ಬೇಸರಪಟ್ಟಿದ್ದಾನೆ. ‘ಘೋಸ್ಟ್’ ಪದದೊಳಗಿನ ಎಚ್ ಅಕ್ಷರ ಫ್ಲೆಮಿಷ್ ರೂಢಿಯ ಪ್ರಭಾವದಿಂದ ಅವನ ಮುದ್ರಣಾಲಯದ ಮೂಲಕವೇ ಸೇರಿತೆಂದು ವಿದ್ವಾಂಸರು ಹೇಳುತ್ತಾರೆ. ಅಚ್ಚಿನ ಮೊಳೆಗಳು ಕಾಗುಣಿತವನ್ನು ನಿಧಾನವಾಗಿ ಗಟ್ಟಿಗೊಳಿಸುತ್ತಿದ್ದ ಅದೇ ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳ ಉಚ್ಚಾರ ದೊಡ್ಡ ಪ್ರಮಾಣದಲ್ಲಿ ಬದಲಾಯಿತು. ಹೀಗಾಗಿ ಬರಹ ಹಳೆಯ ಉಚ್ಚಾರದ ಬಳಿ ನಿಂತುಬಿಟ್ಟಿತು, ಮಾತು ಮುಂದೆ ಹೋಯಿತು.

ಇದರ ಮೇಲೆ ಪಂಡಿತರ ಕೈಚಳಕವೂ ಸೇರಿತು. ಫ್ರೆಂಚಿನಿಂದ ಬಂದ ‘ಡೆಟ್’ ಪದಕ್ಕೆ ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಬಿ ಅಕ್ಷರವನ್ನು ತುರುಕಿದರು. ‘ಐಲೆಂಡ್’ ಎಂಬುದು ಅಚ್ಚ ಇಂಗ್ಲಿಷ್ ಪದ. ಅದು ಲ್ಯಾಟಿನ್ನಿನ ‘ಇನ್ಸುಲ’ಕ್ಕೆ ಸಂಬಂಧಿಸಿದ್ದೆಂಬ ತಪ್ಪು ತಿಳಿವಳಿಕೆಯಿಂದ ಅದಕ್ಕೆ ಎಸ್ ಸೇರಿತು. ಆ ತಪ್ಪೇ ಇಂದು ಸರಿಯಾದ ಕಾಗುಣಿತ. ಎಸ್ ಬಿಟ್ಟು ಬರೆದ ಮಗುವಿನ ಅಂಕ ಕಳೆಯುವ ಶಿಕ್ಷಕರಿಗೆ ಈ ಕಥೆ ಗೊತ್ತಿದ್ದರೆ ಒಳ್ಳೆಯದು.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಯಲ್ಲಿ ಎಸ್ ಇರಬೇಕಾದ ಕಡೆಯೆಲ್ಲ ಎಫ್ ಏಕೆ ಕಾಣುತ್ತದೆ?

ಅದು ಎಫ್ ಅಲ್ಲ, ‘ದೀರ್ಘ ಎಸ್’ ಎಂದು ಕರೆಯುವ ಹಳೆಯ ಅಕ್ಷರರೂಪ. ಸ್ಥೂಲವಾಗಿ ಹೇಳುವುದಾದರೆ, ಪದದ ಆರಂಭದಲ್ಲಿ ಮತ್ತು ನಡುವೆ ಉದ್ದನೆಯ ಎಸ್, ಪದದ ಕೊನೆಯಲ್ಲಿ ಇಂದಿನ ಗಿಡ್ಡ ಎಸ್ ಬರುತ್ತಿತ್ತು. ಎರಡು ಎಸ್ ಒಟ್ಟಿಗೆ ಪದಾಂತ್ಯದಲ್ಲಿ ಬಂದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಅಮೆರಿಕದ ಹಕ್ಕುಗಳ ಮಸೂದೆಯ 1789ರ ಕೈಬರಹದ ಪ್ರತಿಯಲ್ಲಿ ‘ಕಾಂಗ್ರೆಸ್’ ಎಂಬ ಶೀರ್ಷಿಕೆಯನ್ನು ಹೀಗೆಯೇ ಬರೆಯಲಾಗಿದೆ.

ಗಮನವಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎಫ್ ಅಕ್ಷರದ ಅಡ್ಡಗೆರೆ ಕಂಬವನ್ನು ದಾಟಿ ಬಲಕ್ಕೂ ಚಾಚಿರುತ್ತದೆ. ದೀರ್ಘ ಎಸ್‌ಗೆ ಅಡ್ಡಗೆರೆಯೇ ಇರುವುದಿಲ್ಲ, ಇದ್ದರೂ ಎಡಬದಿಗೆ ಒಂದು ಚಿಕ್ಕ ಮೊಳಕೆಯಷ್ಟೇ. 1800ರ ಆಸುಪಾಸಿನಲ್ಲಿ ಲಂಡನ್ನಿನ ಮುದ್ರಕರು ಇದನ್ನು ಕೈಬಿಟ್ಟರು. ಮನುಷ್ಯರ ಕಣ್ಣು ಎರಡು ಪುಟ ಓದುವಷ್ಟರಲ್ಲಿ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಆಗಾಗ್ಗೆ ಎಡವುತ್ತದೆ. ‘ಬೆಸ್ಟ್’ ಎಂಬುದನ್ನು ಅದು ‘ಬೆಫ್ಟ್’ ಎಂದು ಓದಿಕೊಳ್ಳುವುದರಿಂದ, ಹದಿನೆಂಟನೆಯ ಶತಮಾನದ ಪುಸ್ತಕಗಳಲ್ಲಿ ಒಂದು ಪದವನ್ನು ಹುಡುಕಿ ಸಿಗಲಿಲ್ಲವೆಂದರೆ ಪದವೇ ಅಲ್ಲಿಲ್ಲ ಎಂದು ನಂಬಬಾರದು.

ಇನ್ನೂ ಹಿಂದಕ್ಕೆ ಹೋದರೆ ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. 1611ರ ಕಿಂಗ್ ಜೇಮ್ಸ್ ಬೈಬಲಿನ ಮೊದಲ ಮುದ್ರಣದಲ್ಲಿ ‘ಅಪಾನ್’ ಪದ ವಿ ಅಕ್ಷರದಿಂದ ಆರಂಭವಾಗುತ್ತದೆ, ‘ಹ್ಯಾವ್’ ಪದದ ನಡುವೆ ಯು ಇರುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಅದೇ ಬೈಬಲಿನ ಕಾಗುಣಿತ ಬಹುಮಟ್ಟಿಗೆ 1769ರ ಆಕ್ಸ್‌ಫರ್ಡ್ ಪರಿಷ್ಕರಣದ್ದು.

ಅಂಗಡಿ ಫಲಕಗಳಲ್ಲಿ ಕಾಣುವ ‘ಯೀ ಓಲ್ಡ್’ ಎಂಬುದನ್ನು ಹೇಗೆ ಉಚ್ಚರಿಸಬೇಕು?

ಮೊದಲ ಪದವನ್ನು ‘ದಿ’ ಎಂದೇ ಉಚ್ಚರಿಸಬೇಕು. ಹಳೆಯ ಇಂಗ್ಲಿಷಿನಲ್ಲಿ ‘ಟಿ-ಎಚ್’ ಧ್ವನಿಗೆ ‘ಥಾರ್ನ್’ ಎಂಬ ಪ್ರತ್ಯೇಕ ಅಕ್ಷರವಿತ್ತು. ಕೈಬರಹದಲ್ಲಿ ಅದರ ಆಕಾರ ವೈ ಅಕ್ಷರವನ್ನು ಹೋಲುತ್ತಾ ಬಂದಿತು, ಯೂರೋಪಿನಿಂದ ಬಂದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ, ಹೀಗಾಗಿ ಮುದ್ರಕರು ವೈ ಬಳಸಿದರು. ಹಳೆಯ ಕಾಲದ ಕಳೆ ಬರಲೆಂದು ಈಗಿನ ಅಂಗಡಿಗಳು ಹಾಕಿಕೊಳ್ಳುವ ಫಲಕಗಳಲ್ಲಿ ಹಳೆಯದು ಆ ವೈ ಒಂದೇ.

ಅಮೆರಿಕದ ಸಂವಿಧಾನದಲ್ಲಿ ಕಾಗುಣಿತ ದೋಷಗಳಿವೆ ಎನ್ನುವುದು ನಿಜವೇ?

ಅದರಲ್ಲಿ ಇಂದಿನ ಅಮೆರಿಕನ್ ವಿದ್ಯಾರ್ಥಿ ಬರೆದರೆ ತಪ್ಪೆನಿಸುವ ರೂಪಗಳು ಅನೇಕ ಇವೆ. 1787ರಲ್ಲಿ ಅವುಗಳಲ್ಲಿ ಬಹುತೇಕ ಯಾವುದೂ ತಪ್ಪಾಗಿರಲಿಲ್ಲ. ಪ್ರತಿನಿಧಿ ಸಭೆ ತನ್ನ ಸಭಾಧ್ಯಕ್ಷರನ್ನು ‘ಚೂಸ್’ ಮಾಡುತ್ತದೆ ಎನ್ನುವಲ್ಲಿ ಆ ಪದ ‘ಸಿ-ಎಚ್-ಯು-ಎಸ್-ಇ’ ಎಂದಿದೆ. ಜೇನ್ ಆಸ್ಟಿನ್ ಕೂಡ ಇದೇ ರೂಪವನ್ನು ಬಳಸುತ್ತಿದ್ದಳು. ‘ಕಂಟ್ರೋಲ್’ ಪದದ ಕೊನೆಯಲ್ಲಿ ‘ಓ-ಯು-ಎಲ್’ ಇದೆ, ‘ಇನ್ಕ್ರೀಸ್ಡ್’ ಇ ಅಕ್ಷರದಿಂದ ಆರಂಭವಾಗುತ್ತದೆ. ಪೀಠಿಕೆಯಲ್ಲಿ ‘ಡಿಫೆನ್ಸ್’ ಪದಕ್ಕೆ ಸಿ ಅಕ್ಷರವಿದೆ, ನಾಲ್ಕನೆಯ ವಿಧಿಯಲ್ಲಿ ‘ಲೇಬರ್’ ಪದಕ್ಕೆ ಯು ಅಕ್ಷರವಿದೆ, ಅಂದರೆ ಇಂದು ನಾವು ಬ್ರಿಟಿಷ್ ಎಂದು ಕರೆಯುವ ರೂಪಗಳೇ. ಸಹಿಗಳ ಭಾಗದಲ್ಲಿ ‘ಪೆನ್ಸಿಲ್ವೇನಿಯಾ’ ಒಂದೇ ಎನ್ ಅಕ್ಷರದೊಂದಿಗೆ ಇದೆ. ಫಿಲಡೆಲ್ಫಿಯಾದ ಲಿಬರ್ಟಿ ಬೆಲ್ ಮೇಲೂ ಅದು ಹಾಗೆಯೇ ಇದೆ. ಸಂವಿಧಾನವನ್ನು ಮರುಮುದ್ರಿಸುವವರು ಈ ರೂಪಗಳನ್ನು ತಿದ್ದದೆ ಉಳಿಸಿಕೊಳ್ಳುವುದು ಸರಿಯಾದ ಕ್ರಮ.

ಹಾಗಾದರೆ ಅಮೆರಿಕನ್ ಕಾಗುಣಿತ ಯಾವಾಗ ಬೇರೆಯಾಯಿತು?

ಇದಕ್ಕೆ ನೋಹ ವೆಬ್‌ಸ್ಟರನ ಹೆಸರು ತಕ್ಷಣ ನೆನಪಾಗುತ್ತದೆ. 1783ರಲ್ಲಿ ಶಾಲಾಮಕ್ಕಳಿಗಾಗಿ ಕಾಗುಣಿತ ಪುಸ್ತಕವನ್ನೂ 1806ರಲ್ಲಿ ಚಿಕ್ಕ ನಿಘಂಟನ್ನೂ 1828ರಲ್ಲಿ ದೊಡ್ಡ ನಿಘಂಟನ್ನೂ ಅವನು ಹೊರತಂದ. ‘ಕಲರ್’ ಪದದಿಂದ ಯು ತೆಗೆದುಹಾಕಿದ್ದು ಅವನ ಆವಿಷ್ಕಾರವೆಂದು ಅನೇಕರು ಬರೆಯುತ್ತಾರೆ, ಅದು ಸರಿಯಲ್ಲ. ಯು ಇರುವ ಮತ್ತು ಇಲ್ಲದ ಎರಡೂ ರೂಪಗಳು ಅವನು ಹುಟ್ಟುವ ಮೊದಲೇ ಇಂಗ್ಲೆಂಡಿನಲ್ಲಿದ್ದವು. ಜಾನ್ಸನ್ ಒಂದನ್ನು ಎತ್ತಿಹಿಡಿದ, ವೆಬ್‌ಸ್ಟರ್ ಇನ್ನೊಂದನ್ನು. ಹೊಸ ರಾಷ್ಟ್ರಕ್ಕೆ ತನ್ನದೇ ಬರವಣಿಗೆ ಇರಬೇಕೆಂಬ ರಾಜಕೀಯ ಹಂಬಲವೂ ಅವನ ಆಯ್ಕೆಯ ಹಿಂದಿತ್ತು.

ಅವನ ಎಲ್ಲ ಸಲಹೆಗಳೂ ನಡೆಯಲಿಲ್ಲ. ನಾಲಿಗೆ ಎಂಬ ಅರ್ಥದ ಪದವನ್ನು ‘ಟಿ-ಯು-ಎನ್-ಜಿ’ ಎಂದೂ ಹೆಂಗಸರು ಎಂಬ ಅರ್ಥದ ಪದವನ್ನು ಉಚ್ಚಾರಕ್ಕೆ ತಕ್ಕಂತೆ ‘ಡಬ್ಲ್ಯು-ಐ-ಎಂ-ಎಂ-ಇ-ಎನ್’ ಎಂದೂ ಬರೆಯಬೇಕೆಂಬ ಅವನ ಮಾತನ್ನು ಅಮೆರಿಕನ್ನರು ಕಿವಿಗೆ ಹಾಕಿಕೊಳ್ಳಲಿಲ್ಲ. ನೂರು ವರ್ಷಗಳ ನಂತರ, 1906ರಲ್ಲಿ, ಅಧ್ಯಕ್ಷ ಥಿಯೊಡರ್ ರೂಸ್ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯದಲ್ಲಿ ಜಾರಿಗೆ ತರಲು ಹೊರಟಾಗ ಸಂಸತ್ತು ವಿರೋಧಿಸಿತು, ಪತ್ರಿಕೆಗಳು ನಗೆಯಾಡಿದವು, ಆದೇಶ ಹಿಂದೆ ಸರಿಯಿತು. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ 1934ರಿಂದ ಹಲವು ದಶಕ ‘ಥ್ರೂ’ ಪದವನ್ನು ‘ಟಿ-ಎಚ್-ಆರ್-ಯು’ ಎಂದು ಅಚ್ಚು ಮಾಡಿ, ಕೊನೆಗೆ ತಾನೇ ಸೋಲೊಪ್ಪಿಕೊಂಡಿತು. ಆ ರೂಪ ಇಂದು ಅಮೆರಿಕದ ‘ಡ್ರೈವ್-ಥ್ರೂ’ ಫಲಕಗಳಲ್ಲಿ ಬದುಕಿದೆ. ಅಧ್ಯಕ್ಷರಿಗೆ ಸಾಧ್ಯವಾಗದ್ದನ್ನು ಹ್ಯಾಂಬರ್ಗರ್ ಅಂಗಡಿಗಳು ಸಾಧಿಸಿದವು.

ಝಡ್ ಅಕ್ಷರವಿರುವ ‘ಆರ್ಗನೈಸೇಷನ್’ ಅಮೆರಿಕನ್ ರೂಪವಲ್ಲವೇ?

ಅಮೆರಿಕದಲ್ಲಿ ಅದೇ ಸಾಮಾನ್ಯ ರೂಪ, ಆದರೆ ಅದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಆಕ್ಸ್‌ಫರ್ಡ್ ನಿಘಂಟು ಗ್ರೀಕ್ ಮೂಲವನ್ನು ಮುಂದಿಟ್ಟು ಝಡ್ ಇರುವ ರೂಪಕ್ಕೇ ಆದ್ಯತೆ ಕೊಡುತ್ತದೆ, ಬ್ರಿಟನ್ನಿನ ಪತ್ರಿಕೆಗಳು ಎಸ್ ಬಳಸುತ್ತವೆ. ವಿಶ್ವಸಂಸ್ಥೆ ಆಕ್ಸ್‌ಫರ್ಡ್ ಕ್ರಮವನ್ನು ಅನುಸರಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಧಿಕೃತ ಇಂಗ್ಲಿಷ್ ಹೆಸರಿನಲ್ಲಿ ‘ಲೇಬರ್’ ಪದಕ್ಕೆ ಬ್ರಿಟಿಷರ ಯು ಇದೆ, ಪಕ್ಕದ ಪದಕ್ಕೆ ಝಡ್ ಇದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಬರಹದಲ್ಲಿ ‘ಲೇಬರ್’ ಯು ಸಮೇತ ಬರುತ್ತದೆ, ಅಲ್ಲಿನ ಲೇಬರ್ ಪಕ್ಷದ ಹೆಸರಿನಲ್ಲಿ ಮಾತ್ರ 1912ರಿಂದ ಯು ಇಲ್ಲ. ಕೆನಡಾದವರು ‘ಕಲರ್’, ‘ಸೆಂಟರ್’ ಪದಗಳಲ್ಲಿ ಬ್ರಿಟನ್ನಿನ ಜೊತೆಗಿದ್ದು, ಗಾಡಿಯ ‘ಟೈರ್’ ಬರೆಯುವಾಗ ಅಮೆರಿಕದ ಜೊತೆ ಹೋಗುತ್ತಾರೆ. ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟವಂತೂ 1990ರ ಸುಮಾರಿಗೆ ‘ಅಲ್ಯುಮಿನಿಯಂ’ ವಿಷಯದಲ್ಲಿ ಬ್ರಿಟಿಷ್ ರೂಪವನ್ನೂ ‘ಸಲ್ಫರ್’ ವಿಷಯದಲ್ಲಿ ಎಫ್ ಇರುವ ಅಮೆರಿಕನ್ ರೂಪವನ್ನೂ ಆರಿಸಿಕೊಂಡು ಇಬ್ಬರನ್ನೂ ಸಮಾಧಾನಪಡಿಸಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ಗಂಧಕಕ್ಕೆ ‘ಪಿ-ಎಚ್’ ರೂಪವೇ ಹೆಚ್ಚು ಪರಿಚಿತ.

‘ಜಿ-ಎ-ಓ-ಎಲ್’ ಎಂದರೇನು?

ಸೆರೆಮನೆ. ಉಚ್ಚಾರ ‘ಜೈಲ್’ ಎಂದೇ. ಒಂದೇ ಪದ ಫ್ರೆಂಚಿನ ಎರಡು ಉಪಭಾಷೆಗಳಿಂದ ಇಂಗ್ಲಿಷಿಗೆ ಬಂದದ್ದರಿಂದ ಎರಡು ಕಾಗುಣಿತಗಳಾದವು. ಇದು ನಾರ್ಮನ್ ಫ್ರೆಂಚಿನದು. ಬ್ರಿಟನ್ನಿನ ಆಡಳಿತ ಬರಹಗಳಲ್ಲಿ ಬಹುಕಾಲ ಇದೇ ನಡೆಯಿತು. ಇಂದು ಡಬ್ಲಿನ್ನಿನ ಕಿಲ್ಮೇನಮ್, ಮೆಲ್ಬರ್ನಿನ ಹಳೆಯ ಸೆರೆಮನೆ ಮುಂತಾದ ವಸ್ತುಸಂಗ್ರಹಾಲಯಗಳ ಹೆಸರುಗಳಲ್ಲಿ ಉಳಿದಿದೆ. ‘ಶೋ’ ಪದದಲ್ಲಿ ಓ ಬದಲು ಇ, ‘ಕನೆಕ್ಷನ್’ ಪದದಲ್ಲಿ ‘ಸಿ-ಟಿ’ ಬದಲು ಎಕ್ಸ್, ‘ಟುಡೇ’ ಪದದ ನಡುವೆ ಅಡ್ಡಗೆರೆ, ಇವೂ ಹಳೆಯ ದಸ್ತಾವೇಜು ಮತ್ತು ಪತ್ರಿಕೆಗಳನ್ನು ಓದುವವರಿಗೆ ಆಗಾಗ್ಗೆ ಎದುರಾಗುವ ರೂಪಗಳು.

ಸ್ಕಾಟ್ಲೆಂಡಿನ ‘ಮೆನ್ಝೀಸ್’ ಎಂಬ ಮನೆತನದ ಹೆಸರನ್ನು ‘ಮಿಂಗಿಸ್’ ಎಂದು ಏಕೆ ಕರೆಯುತ್ತಾರೆ?

ಇದು ಥಾರ್ನ್ ಕಥೆಯ ಸೋದರ. ‘ಯೋಗ್’ ಎಂಬ ಹಳೆಯ ಅಕ್ಷರ ಸ್ಕಾಟ್ಲೆಂಡಿನ ಬರಹದಲ್ಲಿ ಹೆಚ್ಚು ಕಾಲ ಉಳಿದಿತ್ತು. ಅದರ ಮೊಳೆ ಇಲ್ಲದ ಮುದ್ರಕರು ಆಕಾರದಲ್ಲಿ ಹತ್ತಿರವಿದ್ದ ಝಡ್ ಹಾಕಿದರು. ಆ ಹೆಸರಿನ ಬ್ರಿಟಿಷ್ ರಾಜಕಾರಣಿ ಮೆನ್ಝೀಸ್ ಕ್ಯಾಂಬೆಲ್ ಅವರನ್ನು ‘ಮಿಂಗ್’ ಎಂದು ಕರೆಯುತ್ತಿದ್ದುದು ಇದರಿಂದಲೇ. ಏರ್‌ಷೈರಿನ ‘ಕಲ್ಝೀನ್’ ಎಂದು ಓದಿಬಿಡಬಹುದಾದ ಕೋಟೆಯ ಹೆಸರಿನಲ್ಲೂ ಝಡ್ ಉಚ್ಚಾರವಾಗುವುದಿಲ್ಲ.

ಕರ್ನಾಟಕದ ಸ್ಥಳನಾಮಗಳ ಹಳೆಯ ಇಂಗ್ಲಿಷ್ ರೂಪಗಳನ್ನೂ ಇದೇ ಗುಂಪಿಗೆ ಸೇರಿಸಬಹುದೇ?

ಕಾರಣಗಳು ಬೇರೆ, ಆದರೆ ಓದುಗನ ತೊಡಕು ಅದೇ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಕಿವಿಗೆ ಬಿದ್ದಂತೆ ಬರೆದುಕೊಂಡರು. ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು, ಕೊಡಗು ‘ಕೂರ್ಗ್’ ಆಯಿತು, ಟಿಪ್ಪುವಿನ ಹೆಸರಿನಲ್ಲಿ ಎರಡು ಪಿ, ಎರಡು ಓ ಸೇರಿದವು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ವರದಿಯನ್ನು ಓದುವವರು ಪ್ರತಿ ಊರ ಹೆಸರನ್ನೂ ಬಾಯಲ್ಲಿ ಒಮ್ಮೆ ಹೇಳಿ ನೋಡಬೇಕಾಗುತ್ತದೆ. ಕಣ್ಣಿಗೆ ಗುರುತು ಸಿಗದದ್ದು ಕಿವಿಗೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿಲಿಯಂ ವಿಲ್ಸನ್ ಹಂಟರ್ ಗೆಜೆಟಿಯರ್‌ಗಳಿಗಾಗಿ ಒಂದು ಲಿಪ್ಯಂತರ ಕ್ರಮವನ್ನು ರೂಢಿಗೆ ತಂದ. ಆದರೂ ಆಗಲೇ ಬೇರೂರಿದ್ದ ಹೆಸರುಗಳಲ್ಲಿ ಅನೇಕವನ್ನು ಮುಟ್ಟದೆ ಬಿಡಲಾಯಿತು.

ನಮ್ಮ ‘ಡ’ಕಾರ ಇಂಗ್ಲಿಷರ ಕಿವಿಗೆ ಹಲವು ಸಲ ಆರ್ ಎಂದು ಕೇಳಿಸಿತು. ಹಾಗಾಗಿ ಧಾರವಾಡದ ಹೆಸರಿನ ಕೊನೆಯಲ್ಲಿ ಹಿಂದೆ ಡಿ ಬದಲು ಆರ್ ಇತ್ತು. ಊರಿನ ಹೆಸರು ಸರಿಯಾಯಿತು, ಭೂವಿಜ್ಞಾನಿಗಳ ಪರಿಭಾಷೆಯಲ್ಲಿ ಹಳೆಯದೇ ನಿಂತಿತು: ಪ್ರಪಂಚದಾದ್ಯಂತ ಅಧ್ಯಯನ ನಡೆಯುವ ‘ಧಾರ್ವಾರ್ ಕ್ರೇಟಾನ್’ ಎಂಬ ಪ್ರಾಚೀನ ಶಿಲಾಖಂಡದ ಹೆಸರು ಇಂದಿಗೂ ಆರ್ ಅಕ್ಷರದಿಂದಲೇ ಮುಗಿಯುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿದಂತೆ 12 ನಗರಗಳ ಇಂಗ್ಲಿಷ್ ರೂಪ ಬದಲಾದಾಗಲೂ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರು ಹಳೆಯ ರೂಪದಲ್ಲೇ ಮುಂದುವರಿಯಿತು. ಕಾವೇರಿಯಂತೂ ಜಲವಿವಾದ ನ್ಯಾಯಮಂಡಳಿಯಿಂದ ಹಿಡಿದು ನಮ್ಮದೇ ಸರ್ಕಾರದ ನೀರಾವರಿ ನಿಗಮದವರೆಗೆ ಇಂಗ್ಲಿಷಿನಲ್ಲಿ ಸಿ ಅಕ್ಷರದಿಂದಲೇ ಹರಿಯುತ್ತಿದ್ದಾಳೆ.

ಮಕ್ಕಳ ವೈದ್ಯರ ಫಲಕದಲ್ಲಿ ಒಂದು ಕಡೆ ‘ಎ-ಇ’, ಇನ್ನೊಂದು ಕಡೆ ಬರೀ ಇ ಏಕೆ?

ಗ್ರೀಕ್ ಮೂಲದ ವೈದ್ಯಕೀಯ ಪದಗಳಲ್ಲಿ ಬ್ರಿಟಿಷರು ‘ಎ-ಇ’ ಜೋಡಿಯನ್ನು ಉಳಿಸಿಕೊಂಡರು, ಅಮೆರಿಕನ್ನರು ಇ ಒಂದನ್ನೇ ಇಟ್ಟುಕೊಂಡರು. ಭಾರತದಲ್ಲಿ ಎರಡೂ ನಡೆಯುತ್ತವೆ. ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ತನ್ನ ಹೆಸರನ್ನು ಬರೀ ಇ ಅಕ್ಷರದಿಂದ ಬರೆಯುತ್ತದೆ. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಒಕ್ಕೂಟ ‘ಎ-ಇ’ ಬಳಸುತ್ತದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿಯ ಹೆಸರಿನಲ್ಲಿ ಆ ದೇಶದ ರೂಢಿಗೆ ವಿರುದ್ಧವಾಗಿ ‘ಎ-ಇ’ ಇದೆ. ಫಲಕದ ಕಾಗುಣಿತದಿಂದ ವೈದ್ಯರ ಯೋಗ್ಯತೆಯನ್ನು ಅಳೆಯಲು ಹೋಗಬಾರದು.

ಸರಿಯಾಗಿ ಬರೆದರೂ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತದೆ. ಏಕೆ?

ತಂತ್ರಾಂಶದ ಭಾಷೆ ಅಮೆರಿಕನ್ ಇಂಗ್ಲಿಷಿಗೆ ಹೊಂದಿಸಿರುತ್ತದೆ. ಸೆಟ್ಟಿಂಗ್‌ನಲ್ಲಿ ಭಾರತದ ಅಥವಾ ಬ್ರಿಟನ್ನಿನ ಇಂಗ್ಲಿಷನ್ನು ಆರಿಸಿಕೊಂಡರೆ ಸಾಕು. ಪ್ರೋಗ್ರಾಂ ಬರೆಯುವಾಗ ಮಾತ್ರ ಈ ಆಯ್ಕೆ ಇಲ್ಲ: ಜಾಲಪುಟದ ವಿನ್ಯಾಸ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಕಲರ್’ ಯು ಇಲ್ಲದೆಯೇ ಇರಬೇಕು. ಬೂದು ಬಣ್ಣದ ಹೆಸರಿಗೆ ಮಾತ್ರ ಎ, ಇ ಎರಡೂ ರೂಪಗಳನ್ನು ಅದು ಒಪ್ಪುತ್ತದೆ. ಅಂತರಜಾಲದ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ‘ರೆಫರರ್’ ಎಂಬ ಪದಕ್ಕೆ ನಡುವೆ ಎರಡು ಆರ್ ಇರಬೇಕಾದಲ್ಲಿ ಒಂದೇ ಇದೆ. 1996ರ ದಾಖಲೆಯಲ್ಲಿ ಸೇರಿಹೋದ ಆ ತಪ್ಪನ್ನು ತಿದ್ದಿದರೆ ಜಗತ್ತಿನ ತಂತ್ರಾಂಶವೆಲ್ಲ ಕೆಡುವುದರಿಂದ ಹಾಗೆಯೇ ಬಿಡಲಾಗಿದೆ. ನಂತರ ಬಂದ ಇನ್ನೊಂದು ನಿಯಮದಲ್ಲಿ ಅದೇ ಪದವನ್ನು ಸರಿಯಾಗಿ ಬರೆದಿರುವುದರಿಂದ ಈಗ ಎರಡೂ ಅಕ್ಕಪಕ್ಕ ಕಾಣಿಸುತ್ತವೆ. ‘ಐಲೆಂಡ್’ ಪದದ ಎಸ್ ಅಕ್ಷರಕ್ಕೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ಕಾಣುವ ತಮ್ಮ ಇದು.

ಅಮೆರಿಕದ ಸ್ಪೆಲಿಂಗ್ ಬೀ ಸ್ಪರ್ಧೆಯಲ್ಲಿ ಹಳೆಯ ಅಥವಾ ಪ್ರಾದೇಶಿಕ ರೂಪ ಹೇಳಿದರೆ ಒಪ್ಪುತ್ತಾರೆಯೇ?

1925ರಲ್ಲಿ ಆರಂಭವಾದ ಈ ರಾಷ್ಟ್ರೀಯ ಸ್ಪರ್ಧೆಯನ್ನು ಭಾರತೀಯ ಮೂಲದ ಮಗುವೊಂದು ಮೊದಲು ಗೆದ್ದದ್ದು 1985ರಲ್ಲಿ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಇದರ ತಯಾರಿ ನಡೆಯುವುದರಿಂದ ಈ ಪ್ರಶ್ನೆ ಬರುತ್ತದೆ. ಮೆರಿಯಮ್-ವೆಬ್‌ಸ್ಟರ್ ಬೃಹತ್ ನಿಘಂಟೇ ಅಲ್ಲಿ ಪ್ರಮಾಣ. ಒಂದೇ ಉಚ್ಚಾರ, ಒಂದೇ ಅರ್ಥದ ಪರ್ಯಾಯ ರೂಪವನ್ನು ಆ ನಿಘಂಟು ಯಾವ ಸೂಚನೆಯೂ ಇಲ್ಲದೆ ಕೊಟ್ಟಿದ್ದರೆ ಒಪ್ಪುತ್ತಾರೆ. ‘ಆರ್ಕೇಯಿಕ್’, ‘ಆಬ್ಸಲೀಟ್’ ಮುಂತಾದ ಕಾಲಸೂಚನೆಯನ್ನೋ ‘ಐರಿಶ್’ ಮುಂತಾದ ಪ್ರದೇಶಸೂಚನೆಯನ್ನೋ ಹೊತ್ತ ರೂಪವನ್ನು ಮುಖ್ಯ ರೂಪದ ಬದಲು ಹೇಳಿದರೆ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಓದಿದ ಅಪ್ಪ ಅಮ್ಮ ತಾವು ಕಲಿತ ಕಾಗುಣಿತವನ್ನು ಮಗುವಿಗೆ ಹೇಳಿಕೊಡುವ ಮೊದಲು ಆ ನಿಘಂಟನ್ನು ತೆರೆದು ನೋಡುವುದು ಕ್ಷೇಮ.

ನಾನು ಬರೆಯುವಾಗ ಯಾವ ರೂಪ ಬಳಸಲಿ?

ಭಾರತದ ಶಾಲೆ, ಕಚೇರಿ, ನ್ಯಾಯಾಲಯಗಳಿಗೆ ಬರೆಯುವಾಗ ಬ್ರಿಟಿಷ್ ರೂಪ. ಅಮೆರಿಕದ ವಿಶ್ವವಿದ್ಯಾನಿಲಯ ಅಥವಾ ನಿಯತಕಾಲಿಕೆಗೆ ಬರೆಯುವಾಗ ಅವರ ರೂಪ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು. ಹೆಸರುಗಳು ಇದಕ್ಕೆ ಹೊರತು: ಪರ್ಲ್ ಹಾರ್ಬರ್ ಅಮೆರಿಕದ ಸ್ಥಳನಾಮವಾದ್ದರಿಂದ ಭಾರತದಲ್ಲಿ ಬರೆದರೂ ಅದಕ್ಕೆ ಯು ಇಲ್ಲ. ಹಳೆಯ ಕ್ರಯಪತ್ರ ಅಥವಾ ಪತ್ರದಿಂದ ಸಾಲುಗಳನ್ನು ಉದ್ಧರಿಸುವಾಗ ಮೂಲದ ಕಾಗುಣಿತವನ್ನು ತಿದ್ದಬಾರದು. ‘ಮೂಲದಲ್ಲಿರುವಂತೆ’ ಎಂಬರ್ಥದ ‘ಸಿಕ್’ ಎಂಬ ಲ್ಯಾಟಿನ್ ಗುರುತನ್ನು ನಿಜವಾದ ತಪ್ಪಿಗೆ ಮಾತ್ರ ಹಾಕಬೇಕು. ಆ ಕಾಲಕ್ಕೆ ಸರಿಯಾಗಿದ್ದ ರೂಪದ ಪಕ್ಕದಲ್ಲೆಲ್ಲ ಅದನ್ನು ಅಂಟಿಸುತ್ತಾ ಹೋಗುವುದು ಬರೆದವರಿಗೆ ಮಾಡುವ ಅನ್ಯಾಯ.

ಹಳೆಯ ದಾಖಲೆಗಳಲ್ಲಿ ಹುಡುಕುವಾಗ ಏನು ಮಾಡಬೇಕು?

ಒಂದೇ ರೂಪದಿಂದ ಹುಡುಕಿ ನಿಲ್ಲಿಸಬಾರದು. ಕನ್ನಡ ಭಾಷೆಯ ಬಗ್ಗೆ ಬೇಕಿದ್ದರೆ ‘ಕ್ಯಾನರೀಸ್’ ಎಂಬುದನ್ನು ಸಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ ಹಾಕಿ ನೋಡಬೇಕು. ಹೈದರನ ಬಗ್ಗೆ ಬೇಕಿದ್ದರೆ ‘ಅಲಿ’ ಪದವನ್ನು ‘ಎ-ಎಲ್-ಎಲ್-ವೈ’ ಎಂದೂ ಪ್ರಯತ್ನಿಸಬೇಕು. 1800ಕ್ಕಿಂತ ಹಿಂದಿನ ಪುಸ್ತಕವಾದರೆ ಎಸ್ ಇರುವ ಕಡೆ ಎಫ್ ಹಾಕಿ ಮತ್ತೊಮ್ಮೆ ಹುಡುಕಬೇಕು. ಸಿಕ್ಕ ಪ್ರತಿ ರೂಪವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಂಪುಟಕ್ಕೆ ಅದೇ ಪಟ್ಟಿ ಸಾಕಾಗುತ್ತದೆ, ಏಕೆಂದರೆ ಒಬ್ಬ ಗುಮಾಸ್ತ ಅಥವಾ ಮುದ್ರಕ ಒಂದು ಹೆಸರನ್ನು ಹೇಗೆ ಬರೆದನೋ ಅವನ ನಂತರದವರು ಬಹುಮಟ್ಟಿಗೆ ಅದನ್ನೇ ನಕಲು ಮಾಡಿರುತ್ತಾರೆ.